ರೋವನ್ ಅಟ್ಕಿನ್ಸನ್ ನೋಡಲು ಎಲ್ಲಿಂದ ಶುರು ಮಾಡಬೇಕು: ಬೀನ್, ಬ್ಲ್ಯಾಕ್ಯಾಡರ್, ಇಲ್ಲಾ ಜಾನಿ ಇಂಗ್ಲಿಷ್?

ಮಿಸ್ಟರ್ ಬೀನ್ ಗೊತ್ತಿಲ್ಲದ ಮನೆ ನಮ್ಮಲ್ಲಿ ಸಿಗುವುದು ಕಷ್ಟ. ಅದೇ ಮನೆಯಲ್ಲಿ ರೋವನ್ ಅಟ್ಕಿನ್ಸನ್ ಎಂದು ಹೇಳಿ ನೋಡಿ, ಅರ್ಧ ಜನ ‘ಯಾರದು?’ ಎನ್ನುತ್ತಾರೆ. ಮುಖ ಗೊತ್ತು, ಹೆಸರು ಗೊತ್ತಿಲ್ಲ. ಏಕೆಂದರೆ ನಮಗೆ ತಲುಪಿದ್ದು ಅವರ ಕೆಲಸದ ಒಂದು ಹೋಳು, ಅದೂ ಮಾತಿಲ್ಲದ ಹೋಳು. ಬೀನ್ ಟಿವಿಗೆ ಬರುವುದಕ್ಕೆ ಏಳು ವರ್ಷ ಮೊದಲೇ ಬ್ರಿಟನ್ನಿನಲ್ಲಿ ಅವರು ಬ್ಲ್ಯಾಕ್ಯಾಡರ್ ಎಂಬ ಟಿವಿ ಹಾಸ್ಯ ಸರಣಿಯ ನಾಯಕರಾಗಿದ್ದರು. ಅಲ್ಲಿ ನಗುವೆಲ್ಲ ನಾಲಿಗೆಯ ಮೇಲೆ.

ಬೀನ್ ನೋಡಿ ಮುಗಿಸಿದವರು ಮುಂದೆ ಯಾವುದಕ್ಕೆ ಕೈಹಾಕಬೇಕು, ಮಕ್ಕಳ ಜೊತೆ ಕೂರುವಾಗ ಯಾವುದು, ವೇಗದ ಇಂಗ್ಲಿಷ್ ಕಿವಿಗೆ ಹತ್ತದವರಿಗೆ ಯಾವುದು, ಯಾವುದನ್ನು ಬಿಟ್ಟರೂ ನಷ್ಟವಿಲ್ಲ ಎಂಬುದನ್ನು ಇಲ್ಲಿ ಹೋಲಿಸಿದ್ದೇವೆ. ಇದರಲ್ಲಿ ಪಕ್ಷಪಾತ ಇದೆ, ಅದನ್ನು ಮುಚ್ಚಿಡುವ ಉದ್ದೇಶವಿಲ್ಲ.

ಮೊದಲು ಬರೆದವರ ಹೆಸರು ನೋಡಿ

ಅಟ್ಕಿನ್ಸನ್ ಅವರನ್ನು ನಟ, ಬರಹಗಾರ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ ಅವರು ನಟಿಸಿದ್ದೆಲ್ಲ ಅವರು ಬರೆದದ್ದಲ್ಲ. ಆರಿಸುವಾಗ ಇದೇ ಮುಖ್ಯ ಸುಳಿವು.

1983ರ ಮೊದಲ ಬ್ಲ್ಯಾಕ್ಯಾಡರ್ ಸರಣಿಯನ್ನು ಅಟ್ಕಿನ್ಸನ್ ಮತ್ತು ರಿಚರ್ಡ್ ಕರ್ಟಿಸ್ ಸೇರಿ ಬರೆದರು. ಇಬ್ಬರೂ ಆಕ್ಸ್‌ಫರ್ಡ್‌ನಲ್ಲಿ ಗೆಳೆಯರಾದವರು. 1986ರ ಎರಡನೇ ಸರಣಿಯಿಂದ ಅಟ್ಕಿನ್ಸನ್ ಪೆನ್ನು ಕೆಳಗಿಟ್ಟರು. ಆ ಜಾಗಕ್ಕೆ ಬೆನ್ ಎಲ್ಟನ್ ಬಂದರು. ಮಿಸ್ಟರ್ ಬೀನ್‌ಗೆ ಬಂದರೆ ಅಟ್ಕಿನ್ಸನ್ ಮತ್ತೆ ಬರಹಗಾರರ ಸಾಲಿನಲ್ಲಿ, ರಾಬಿನ್ ಡ್ರಿಸ್ಕಾಲ್ ಮತ್ತು ಕರ್ಟಿಸ್ ಜೊತೆಗೆ. 1995ರ ದಿ ಥಿನ್ ಬ್ಲೂ ಲೈನ್ ಎಲ್ಟನ್ ಒಬ್ಬರದೇ ಬರಹ. 2003ರ ಜಾನಿ ಇಂಗ್ಲಿಷ್ ಬರೆದದ್ದು ನೀಲ್ ಪರ್ವಿಸ್, ರಾಬರ್ಟ್ ವೇಡ್ ಮತ್ತು ವಿಲಿಯಂ ಡೇವಿಸ್. ಮೊದಲಿಬ್ಬರು ಅಸಲಿ ಜೇಮ್ಸ್ ಬಾಂಡ್ ಚಿತ್ರಗಳಿಗೇ ಚಿತ್ರಕತೆ ಬರೆದವರು. 2022ರ ಮ್ಯಾನ್ ವರ್ಸಸ್ ಬೀ ಅಟ್ಕಿನ್ಸನ್ ಮತ್ತು ಡೇವಿಸ್ ಸೇರಿ ಬರೆದದ್ದು.

ಈ ಸಾಲನ್ನು ಇನ್ನೊಮ್ಮೆ ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಅವರು ಬರೆಯಲು ಕೂತಲ್ಲೆಲ್ಲ ಮಾತು ಕರಗುತ್ತದೆ, ದೇಹ ಮುಂದೆ ಬರುತ್ತದೆ. ಬೇರೆಯವರು ಬರೆದಲ್ಲಿ ಮಾತು ದಟ್ಟವಾಗುತ್ತದೆ. ಈ ಸಾಲಿನಲ್ಲಿ ಮಾತಿನ ಹಾಸ್ಯವನ್ನು ಅವರೇ ಬರೆದದ್ದು ಒಂದೇ ಸರಣಿಗೆ, ಮೊದಲ ಬ್ಲ್ಯಾಕ್ಯಾಡರ್‌ಗೆ. ನಾಲ್ಕು ಬ್ಲ್ಯಾಕ್ಯಾಡರ್ ಸರಣಿಗಳಲ್ಲಿ ಸಪ್ಪೆ ಅದೇ. ಅಟ್ಕಿನ್ಸನ್ ಬರೆಯುವುದು ಕೈಕಾಲಿಗೆ, ಕಣ್ಣುಹುಬ್ಬಿಗೆ. ಅವರ ನಾಲಿಗೆಗೆ ಬೇರೆಯವರೇ ಬರೆದುಕೊಡಬೇಕು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆ ‘ಯಾವುದು ಒಳ್ಳೆಯದು’ ಅಲ್ಲ, ‘ಇವತ್ತು ನನಗೆ ಕಣ್ಣಿಗೆ ಬೇಕೋ, ಕಿವಿಗೆ ಬೇಕೋ’.

ಕಣ್ಣಿಗೆ: ಮಿಸ್ಟರ್ ಬೀನ್, ಅದರಲ್ಲೂ ಟಿವಿಯದು

ಬೀನ್ ಹೆಸರಿನಲ್ಲಿ ಮೂರು ಬೇರೆ ಬೇರೆ ಸರಕು ಇವೆ. ನಟರು ಅಭಿನಯಿಸಿದ ಟಿವಿ ಕಂತುಗಳು, ಎರಡು ಸಿನಿಮಾ, ಮತ್ತು ಕಾರ್ಟೂನ್. ಇವುಗಳನ್ನು ಒಂದೇ ಎಂದುಕೊಂಡು ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಕೂತರೆ ಅರ್ಧಕ್ಕೇ ಬೇಸರ ಬರುತ್ತದೆ.

ಟಿವಿ ಕಂತುಗಳು ಒಟ್ಟು 15, ಒಂದೊಂದೂ ಸುಮಾರು 25 ನಿಮಿಷ. ಮೊದಲನೆಯದು 1990ರ ಜನವರಿ 1ರಂದು ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಬಂತು. 1995ರವರೆಗೆ 14 ಪ್ರಸಾರವಾದವು, 15ನೆಯದು ನೇರ ವಿಡಿಯೊ ಕ್ಯಾಸೆಟ್‌ಗೆ ಹೋಯಿತು. ಎಲ್ಲ ಸೇರಿ ಆರು ಗಂಟೆ ಚಿಲ್ಲರೆ. ಜಗತ್ತಿನ ಮೂಲೆಮೂಲೆಗೆ ಮುಟ್ಟಿದ ಹೆಸರಿನ ಹಿಂದೆ ಇರುವ ಅಸಲು ಬಂಡವಾಳ ಇಷ್ಟೇ.

ಮೊದಲ ಕಂತಿನಿಂದಲೇ ಶುರು ಮಾಡಿ. ಅದರಲ್ಲಿ ಮೂರು ತುಣುಕು: ಗಣಿತ ಪರೀಕ್ಷೆ, ಕಡಲತೀರ, ಚರ್ಚು. ಪರೀಕ್ಷೆಯದನ್ನು ಗಮನವಿಟ್ಟು ನೋಡಿ. ಬೀನ್ ಓದಿಕೊಂಡು ಬಂದದ್ದು ತ್ರಿಕೋನಮಿತಿ. ಮೇಜಿನ ಮೇಲೆ ಪೆನ್ನುಗಳ ಸಾಲು, ಜೊತೆಗೆ ಆಟದ ಗೊಂಬೆಗಳು. ಲಕೋಟೆ ತೆರೆದರೆ ಕೈಗೆ ಬಂದ ಹಸಿರು ಹಾಳೆಯಲ್ಲಿ ಇರುವುದೆಲ್ಲ ಕಲನಶಾಸ್ತ್ರ. ಅಲ್ಲಿಂದ ಪಕ್ಕದವನ ಹಾಳೆಯ ಮೇಲೆ ದಾಳಿ: ಕತ್ತು ಚಾಚುವುದು, ಉಫ್ ಎಂದು ಊದಿ ಹಾಳೆ ತನ್ನತ್ತ ಬರುವಂತೆ ಮಾಡುವುದು. ಕೊನೆಗೆ ಅತ್ತುಬಿಡುವ ಹಂತ. ಸಮಯ ಮುಗಿಯಿತು ಎಂದಾಗ ತಿಳಿಯುತ್ತದೆ, ಲಕೋಟೆಯಲ್ಲಿ ಎರಡು ಪ್ರಶ್ನೆಪತ್ರಿಕೆ ಇದ್ದವು, ತ್ರಿಕೋನಮಿತಿಯದು ಬಿಳಿ ಹಾಳೆಯಲ್ಲಿ. ಇಷ್ಟರಲ್ಲಿ ಮಾತು ಹತ್ತಾರು ಪದ ದಾಟುವುದಿಲ್ಲ. ಹತ್ತನೇ ತರಗತಿ ಪರೀಕ್ಷೆ ಬರೆದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಚರ್ಚಿನ ತುಣುಕಿನಲ್ಲಿ ಪ್ರಾರ್ಥನಾಗೀತೆಯ ಸಾಲು ಒಂದೂ ಬಾರದೆ ಗೊಣಗುತ್ತಿದ್ದವನು ‘ಅಲ್ಲೆಲೂಯಾ’ ಬಂದ ಕೂಡಲೇ ಗಂಟಲು ಹರಿಯುವಂತೆ ಹಾಡುತ್ತಾನಲ್ಲ, ಭಜನೆಯಲ್ಲಿ ಪಲ್ಲವಿಗೆ ಮಾತ್ರ ದನಿ ಏರಿಸುವವರೆಲ್ಲ ಅಲ್ಲಿ ತಮ್ಮನ್ನು ಕಂಡುಕೊಳ್ಳಬಹುದು.

ಎರಡನೆಯದಾಗಿ 1992ರ ಹೊಸವರ್ಷದ ದಿನ ಬಂದ ದಿ ಟ್ರಬಲ್ ವಿತ್ ಮಿಸ್ಟರ್ ಬೀನ್. ಬ್ರಿಟನ್ನಿನಲ್ಲಿ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನ ನೋಡಿದ ಕಂತು ಇದು. ಎದ್ದಾಗಲೇ ತಡ, ದಂತವೈದ್ಯರ ಅಪಾಯಿಂಟ್‌ಮೆಂಟ್ ತಪ್ಪುತ್ತದೆ. ಹಾಗಾಗಿ ಬಟ್ಟೆ ಹಾಕಿಕೊಳ್ಳುವುದು, ಹಲ್ಲುಜ್ಜುವುದು ಎಲ್ಲವೂ ಓಡುವ ಕಾರಿನಲ್ಲೇ. ಆಸ್ಪತ್ರೆಯಲ್ಲಿ ವೈದ್ಯರ ಕಾಲಿಗೇ ಅರಿವಳಿಕೆಯ ಸೂಜಿ ಚುಚ್ಚಿ, ಅವರು ಒರಗಿದ ಮೇಲೆ ತನ್ನ ಹಲ್ಲಿಗೆ ತಾನೇ ಸಿಮೆಂಟು ತುಂಬಲು ಹೊರಡುತ್ತಾನೆ. ಎಕ್ಸ್‌ರೇ ಯಾವ ಕಡೆ ಹಿಡಿಯಬೇಕೆಂದು ಗೊತ್ತಾಗದೆ, ಒಂದು ಹಲ್ಲಿನ ಬದಲು ಸಾಲು ಹಲ್ಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತೇವಲ್ಲ, ಬೀನ್ ಯೋಚಿಸುವ ಕ್ರಮವೇ ಅದು. ವ್ಯತ್ಯಾಸವೆಂದರೆ ಬರೆ ಎಷ್ಟು ಉದ್ದ, ಯಾವ ಕೋನದಲ್ಲಿ ಎಂದು ಅವನು ತುಂಬ ಶ್ರದ್ಧೆಯಿಂದ ಅಳೆಯುತ್ತಾನೆ.

ಈ ಶ್ರದ್ಧೆಗೆ ಮೂಲ ಹುಡುಕಬೇಕೆಂದರೆ ಅಟ್ಕಿನ್ಸನ್ ಓದಿದ್ದನ್ನು ನೋಡಬೇಕು. 1955ರಲ್ಲಿ ಡರಂ ಕೌಂಟಿಯ ಕಾನ್ಸೆಟ್‌ನಲ್ಲಿ ಹುಟ್ಟಿದ ಅವರು ನ್ಯೂಕ್ಯಾಸಲ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮಾಡಿ, ಆಕ್ಸ್‌ಫರ್ಡ್‌ನ ಕ್ವೀನ್ಸ್ ಕಾಲೇಜಿನಲ್ಲಿ ಎಂಎಸ್ಸಿ ಮುಗಿಸಿದರು. ಪ್ರಬಂಧದ ವಿಷಯ, ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ನಿಯಂತ್ರಣ ವ್ಯವಸ್ಥೆ. ಯಂತ್ರ ತಪ್ಪನ್ನು ಅಳೆಯುತ್ತದೆ, ತಿದ್ದುತ್ತದೆ, ತಪ್ಪು ಕಡಿಮೆಯಾಗುತ್ತದೆ. ಬೀನ್‌ನಲ್ಲಿ ಎಲ್ಲವೂ ಇದೇ, ಕೊನೆಯ ಹೆಜ್ಜೆ ಮಾತ್ರ ತಿರುವುಮುರುವು: ತಿದ್ದಿದಷ್ಟೂ ತಪ್ಪು ದೊಡ್ಡದಾಗುತ್ತದೆ.

ಮೂರನೆಯದು 1992ರ ಕ್ರಿಸ್‌ಮಸ್ ಕಂತು. ಅಂಗಡಿಯಲ್ಲಿಟ್ಟ ಯೇಸು ಜನನದ ಗೊಂಬೆಗಳ ನಡುವೆ ಬೀನ್ ಆಟಿಕೆಯ ಡೈನೋಸಾರ್ ತಂದು ಬಿಡುವುದು, ಹುಂಜದಂಥ ದೊಡ್ಡ ಟರ್ಕಿ ಕೋಳಿಯೊಳಗೆ ತಲೆ ಸಿಕ್ಕಿಸಿಕೊಳ್ಳುವುದು ಇಲ್ಲಿಯೇ. ಇಲ್ಲಿಗೆ ನಿಲ್ಲಿಸಿ, 1992ರಲ್ಲೇ ಅಟ್ಕಿನ್ಸನ್ ಮಾಡಿದ ಲಾಫಿಂಗ್ ಮ್ಯಾಟರ್ಸ್ ಎಂಬ ಸಾಕ್ಷ್ಯಚಿತ್ರ ಸಿಕ್ಕಿದರೆ ನೋಡಿ. ಕಣ್ಣಿನ ಹಾಸ್ಯಕ್ಕೆ ಅದು ಪಾಠ ಇದ್ದಂತೆ, ಪಾಠ ಮಾಡುವ ಮೇಷ್ಟ್ರೂ ಅವರೇ. ವಸ್ತುವಾಗಲಿ ಮನುಷ್ಯನಾಗಲಿ ನಗು ತರಿಸಲು ದಾರಿ ಮೂರು ಎನ್ನುತ್ತಾರೆ: ಇರಬಾರದ ಜಾಗದಲ್ಲಿರುವುದು, ತನ್ನದಲ್ಲದ ರೀತಿಯಲ್ಲಿ ವರ್ತಿಸುವುದು, ಅಳತೆ ತಪ್ಪಿರುವುದು. ಟರ್ಕಿ ಇರಬೇಕಾದ್ದು ಒಲೆಯಲ್ಲಿ, ಇರುವುದು ತಲೆಯ ಮೇಲೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಮೂರನೆಯದು. ಈ ಅಳತೆಗೋಲು ಹಿಡಿದುಕೊಂಡು ಉಳಿದ ಕಂತುಗಳಿಗೆ ಹೋದರೆ ನಗುವಿನ ಜೊತೆಗೆ ಕಸುಬೂ ಕಾಣುತ್ತದೆ.

ಬೀನ್‌ಗೆ ಭಾಷೆ ಬೇಡ ಎಂಬುದು ಅದೃಷ್ಟದಿಂದ ಆದದ್ದಲ್ಲ. 1987ರಲ್ಲಿ ಕೆನಡಾದ ಮಾಂಟ್ರಿಯಲ್ ಹಾಸ್ಯೋತ್ಸವದಲ್ಲಿ ಅಟ್ಕಿನ್ಸನ್ ಬೇಕೆಂದೇ ಫ್ರೆಂಚ್ ಪ್ರೇಕ್ಷಕರ ಸಾಲಿಗೆ ತಮ್ಮನ್ನು ಹಾಕಿಸಿಕೊಂಡರು. ಇಂಗ್ಲಿಷ್ ಬಾರದವರ ಮುಂದೆ ಈ ಪಾತ್ರ ನಡೆಯುತ್ತದೋ ಇಲ್ಲವೋ ನೋಡಬೇಕಿತ್ತು. ಹೆಸರು ಕೂಡ ಆಮೇಲೆ ಬಂದದ್ದು; ‘ಮಿಸ್ಟರ್ ಕಾಲಿಫ್ಲವರ್’ ಎಂದು ಇಡುವ ಯೋಚನೆಯೂ ಇತ್ತು. ಹೂಕೋಸು ತಪ್ಪಿ ಹುರುಳಿಕಾಯಿ ಆಯಿತು.

ಯೂಟ್ಯೂಬಿನ ತುಂಡುಗಳಿಂದ ಎಚ್ಚರ. ಬೀನ್‌ನ ಅಧಿಕೃತ ವಾಹಿನಿಯಲ್ಲಿ ಬೇಕಾದಷ್ಟು ಇವೆ, ಆದರೆ ಬೇರೆ ಬೇರೆ ಕಂತುಗಳಿಂದ ಕತ್ತರಿಸಿ ಜೋಡಿಸಿದವು ಬಹಳ. ಬೀನ್‌ನ ನಗು ಕಟ್ಟುವುದು ನಿಧಾನಕ್ಕೆ. ಮೊದಲ ಎರಡು ನಿಮಿಷ ಏನೂ ಆಗುವುದಿಲ್ಲ. ಆ ಎರಡು ನಿಮಿಷದಲ್ಲೇ ಪೆನ್ನು, ಹಾಳೆ, ಪಕ್ಕದವನ ಮುಖ ಎಲ್ಲ ಜಾಗಕ್ಕೆ ಬಂದು ಕೂರುತ್ತವೆ. ಅದನ್ನು ಕತ್ತರಿಸಿದರೆ ಉಳಿಯುವುದು ಬಿದ್ದದ್ದು, ಒಡೆದದ್ದು ಮಾತ್ರ. ಪೂರ್ತಿ ಕಂತನ್ನೇ ಹುಡುಕಿ.

ಸಿನಿಮಾಗಳಲ್ಲಿ 2007ರ ಮಿಸ್ಟರ್ ಬೀನ್ಸ್ ಹಾಲಿಡೇ ಆರಿಸಿ, 1997ರ ಬೀನ್ ಆಮೇಲೆ. ಹಣ ಗಳಿಸಿದ ಲೆಕ್ಕದಲ್ಲಿ ಮೊದಲನೆಯದೂ ಕಡಿಮೆಯಿಲ್ಲ, ಜಗತ್ತಿನಾದ್ಯಂತ 20 ಕೋಟಿ ಡಾಲರ್ ದಾಟಿತು. ಆದರೆ ಅದರಲ್ಲಿ ಬೀನ್ ಲಾಸ್ ಏಂಜಲೀಸ್‌ಗೆ ಹೋಗಿ ಒಂದು ಸಂಸಾರದ ನಡುವೆ ಸಿಕ್ಕಿಕೊಳ್ಳುತ್ತಾನೆ. ಗಂಡ, ಹೆಂಡತಿ, ಕೆಲಸದ ಚಿಂತೆ ಎಲ್ಲ ಬರುತ್ತವೆ, ಬೀನ್ ಭಾಷಣವನ್ನೂ ಮಾಡುತ್ತಾನೆ. ಅವನು ಬಾಯಿ ಬಿಟ್ಟಷ್ಟೂ ಮಂತ್ರ ಇಳಿಯುತ್ತದೆ. ಚಿತ್ರಕಾರ ವಿಸ್ಲರ್‌ನ ಪ್ರಸಿದ್ಧ ಚಿತ್ರದ ಮೇಲೆ ಸೀನಿ, ಒರೆಸಲು ಹೋಗಿ ಹಾಳು ಮಾಡುವ ಭಾಗ ಮಾತ್ರ ಟಿವಿಯ ಮಟ್ಟಕ್ಕಿದೆ. 2007ರದರಲ್ಲಿ ಅವನು ಫ್ರಾನ್ಸಿನಲ್ಲಿ, ಭಾಷೆ ಬಾರದ ಜಾಗದಲ್ಲಿ. ಹಾಗಾಗಿ ಮೌನಕ್ಕೆ ನೆಪ ತಾನಾಗಿ ಸಿಗುತ್ತದೆ. ಹೆಸರಲ್ಲೂ ನಡೆಯಲ್ಲೂ ಫ್ರೆಂಚ್ ಹಾಸ್ಯನಟ ಜಾಕ್ ತಾತಿಗೆ ನಮಸ್ಕಾರ ಇದೆ.

ಕಾರ್ಟೂನ್ 2002ರಲ್ಲಿ ಶುರುವಾಯಿತು. ದನಿ ಅಟ್ಕಿನ್ಸನ್‌ರದೇ. ಐದಾರು ವರ್ಷದ ಮಕ್ಕಳಿಗೆ ಇದು ಸಾಕು. ಆದರೆ ದೊಡ್ಡವರು ಇದನ್ನೇ ನೋಡಿ ‘ಬೀನ್ ನೋಡಿದ್ದೇವೆ’ ಎನ್ನುವಂತಿಲ್ಲ. ಕಾರ್ಟೂನಿನಲ್ಲಿ ಯಾವುದೂ ಸಾಧ್ಯ. ಓಡುವ ಮಿನಿ ಕಾರಿನ ಚಾವಣಿಯ ಮೇಲೆ ಆರಾಮಕುರ್ಚಿ ಕಟ್ಟಿ, ಅದರಲ್ಲಿ ಕೂತು ಕಾರು ಓಡಿಸುವುದು ನಿಜವಾದ ಮನುಷ್ಯ ಮಾಡಿದರೆ ತಾನೆ ಸೋಜಿಗ? ಅದು 1994ರ ಡು ಇಟ್ ಯುವರ್‌ಸೆಲ್ಫ್ ಕಂತಿನಲ್ಲಿದೆ.

ಕಿವಿಗೆ: ಬ್ಲ್ಯಾಕ್ಯಾಡರ್, ಆದರೆ ಮೊದಲ ಸರಣಿ ಬೇಡ

ನಾಲ್ಕು ಸರಣಿ, ಒಂದೊಂದರಲ್ಲಿ ಆರು ಕಂತು, ಒಂದೊಂದು ಕಂತು ಸುಮಾರು ಅರ್ಧ ಗಂಟೆ. ಒಟ್ಟು ಹನ್ನೆರಡು ಗಂಟೆಯ ಕೆಲಸ. ಒಂದೊಂದು ಸರಣಿ ಒಂದೊಂದು ಕಾಲದ್ದು: ಹದಿನೈದನೇ ಶತಮಾನದ ಕೊನೆ, ಒಂದನೇ ಎಲಿಜಬೆತ್ ರಾಣಿಯ ಆಸ್ಥಾನ, ಯುವರಾಜ ಜಾರ್ಜ್‌ನ ಕಾಲ, 1917ರ ಮೊದಲ ಮಹಾಯುದ್ಧದ ಕಂದಕ. ಎಲ್ಲದರಲ್ಲೂ ಎಡ್ಮಂಡ್ ಬ್ಲ್ಯಾಕ್ಯಾಡರ್ ಎಂಬ ಒಬ್ಬ, ಅವನ ಆಳು ಬಾಲ್ಡ್ರಿಕ್ ಒಬ್ಬ. ಬಾಲ್ಡ್ರಿಕ್ ಆಗಿ ಟೋನಿ ರಾಬಿನ್ಸನ್.

ಕ್ರಮವಾಗಿ ನೋಡೋಣ ಎಂದು ಒಂದನೇ ಸರಣಿಯಿಂದ ಹೊರಟವರು ಎರಡು ಕಂತಿಗೆ ಕೈಬಿಡುತ್ತಾರೆ. ಇದು ಎಲ್ಲರೂ ಮಾಡುವ ತಪ್ಪು. ಕಾರಣ ಸ್ಪಷ್ಟ: ಅದರಲ್ಲಿ ಎಡ್ಮಂಡ್ ಪೆದ್ದ, ಬಾಲ್ಡ್ರಿಕ್ ಜಾಣ. ಜಾಣ ಆಳು, ಪೆದ್ದ ಒಡೆಯ ಎಂಬ ಜೋಡಿ ನಾಟಕಗಳಲ್ಲಿ ಸವೆದುಹೋದದ್ದು. ದುಡ್ಡು ಮಾತ್ರ ಚೆಲ್ಲಿದ್ದಾರೆ. ಆಲ್ನಿಕ್ ಕೋಟೆಯಲ್ಲಿ ಚಿತ್ರೀಕರಣ, ಕುದುರೆಗಳು, ಬಯಲು, ಚಳಿ. ಬಿಬಿಸಿ ಒಂದನೇ ವಾಹಿನಿಯ ಹೊಣೆ ಹೊತ್ತು ಬಂದ ಮೈಕೆಲ್ ಗ್ರೇಡ್‌ಗೆ ಈ ಖರ್ಚು ಹಿಡಿಸಲಿಲ್ಲ. ಮುಂದುವರಿಯಬೇಕಾದರೆ ಹೊರಾಂಗಣ ಬಿಟ್ಟು ಸ್ಟುಡಿಯೊದೊಳಗೆ ಬರಬೇಕಾಯಿತು.

ಆ ಬಡತನವೇ ಸರಣಿಯನ್ನು ಉಳಿಸಿತು. ಕುದುರೆ ಇಲ್ಲ, ಕೋಟೆ ಇಲ್ಲ. ನಾಲ್ಕು ಗೋಡೆಯ ಮಧ್ಯೆ ನಾಲ್ಕು ಜನ ನಿಂತು ಮಾತಾಡಬೇಕು. ಕರ್ಟಿಸ್ ಮತ್ತು ಎಲ್ಟನ್ ಪಾತ್ರಗಳನ್ನು ಅದಲುಬದಲು ಮಾಡಿದರು. ಈಗ ಬಾಲ್ಡ್ರಿಕ್ ಪೆದ್ದ. ಎಡ್ಮಂಡ್ ಜಾಣ, ಆದರೆ ಅವನ ಮೇಲೆ ಕೂತವರೆಲ್ಲ ಅವನಿಗಿಂತ ದಡ್ಡರು. ತನಗಿಂತ ದಡ್ಡ ಮೇಲಧಿಕಾರಿಯ ಕೈಕೆಳಗೆ ದುಡಿದವರಿಗೆ ಎಡ್ಮಂಡ್‌ನ ಮುಖಭಾವ ಅರ್ಥವಾಗಲು ಸಬ್‌ಟೈಟಲ್ ಬೇಕಿಲ್ಲ.

ಎರಡನೇ ಸರಣಿಯ ಹೆಡ್ ಎಂಬ ಎರಡನೇ ಕಂತಿನಿಂದ ಶುರು ಮಾಡುವುದು ಒಳ್ಳೆಯದು. ತೆರೆ ಏಳುತ್ತಲೇ ಎಡ್ಮಂಡ್ ಬಾಲ್ಡ್ರಿಕ್‌ಗೆ ಕೂಡುವ ಲೆಕ್ಕ ಹೇಳಿಕೊಡುತ್ತಿದ್ದಾನೆ, ಮೇಜಿನ ಮೇಲೆ ಹುರುಳಿಕಾಳು. ಎರಡು ಕಾಳಿಗೆ ಎರಡು ಕಾಳು ಸೇರಿಸಿದರೆ ಏನಾಯಿತು? ಬಾಲ್ಡ್ರಿಕ್ ಯೋಚಿಸಿ ಹೇಳುತ್ತಾನೆ, ‘ಒಂದಷ್ಟು ಕಾಳು’. ಎಡ್ಮಂಡ್ ಹಲ್ಲು ಕಚ್ಚಿಕೊಂಡು ಮತ್ತೆ ಕೇಳಿದರೆ, ತುಂಬ ಚಿಕ್ಕದೊಂದು ಸಾರು ಆಗುತ್ತದೆ ಎಂಬರ್ಥದ ಉತ್ತರ. ಗಣಿತದ ದೃಷ್ಟಿಯಿಂದ ತಪ್ಪು, ಅಡುಗೆಯ ದೃಷ್ಟಿಯಿಂದ ಸರಿ. ಈ ಒಂದು ನಿಮಿಷ ನಿಮ್ಮನ್ನು ನಗಿಸದಿದ್ದರೆ ಉಳಿದ ಹದಿನೇಳು ಕಂತಿಗೆ ಸಮಯ ಕೊಡಬೇಡಿ. ನಗಿಸಿದರೆ ಮುಂದಿನ ಕತೆಯೂ ಹಿಡಿಸುತ್ತದೆ: ಮರಣದಂಡನೆಯ ಮುಖ್ಯಸ್ಥನಾದ ಎಡ್ಮಂಡ್, ವಾರದಲ್ಲಿ ಒಂದಿಷ್ಟು ರಜೆ ಸಿಗಲೆಂದು ಶಿರಚ್ಛೇದಗಳನ್ನು ಹಿಂದುಮುಂದು ಮಾಡುತ್ತಾನೆ. ತಲೆ ಹೋದವನ ಹೆಂಡತಿ, ಗಂಡನನ್ನು ನೋಡಬೇಕು ಎಂದು ಬಂದು ನಿಲ್ಲುತ್ತಾಳೆ.

ಅದೇ ಸರಣಿಯ ಮೊದಲ ಕಂತು ಬೆಲ್ಸ್‌ನಲ್ಲಿ ‘ಬಾಬ್’ ಎಂಬ ಹೆಸರನ್ನು ಅಟ್ಕಿನ್ಸನ್ ಹೇಗೆ ಹೇಳುತ್ತಾರೆ ಕೇಳಿ. ಎರಡು ತುಟಿ ಬಿಗಿದು, ಒಳಗೆ ಗಾಳಿ ಕಟ್ಟಿ, ಬೆಂಡೆಕಾಯಿ ಸಿಡಿದಂತೆ ಬಿಡುತ್ತಾರೆ. ಅವರಿಗೆ ಉಗ್ಗು ಇದೆ, ‘ಬ’ ದಾಟುವುದು ಕಷ್ಟ. ದಾಟಲು ಒತ್ತಿ ಹೇಳುವುದನ್ನು ರೂಢಿಸಿಕೊಂಡರು, ಕೊನೆಗೆ ಆ ಒತ್ತೇ ಆಯುಧವಾಯಿತು.

ಪತ್ರಿಕೆಯ ರಾಜಕೀಯ ಪುಟ ಬಿಡದೆ ಓದುವವರಾದರೆ ಮೂರನೇ ಸರಣಿಯ (1987) ಮೊದಲ ಕಂತಿನಿಂದ ಹೊರಡಬಹುದು. ಒಬ್ಬನೇ ಮತದಾರ ಇರುವ ಕ್ಷೇತ್ರದಲ್ಲಿ ಬಾಲ್ಡ್ರಿಕ್ ಚುನಾವಣೆಗೆ ನಿಲ್ಲುತ್ತಾನೆ, 16,472 ಮತಗಳಿಂದ ಗೆಲ್ಲುತ್ತಾನೆ. ಆ ಒಬ್ಬ ಮತದಾರ ಎಡ್ಮಂಡ್. ಚುನಾವಣಾಧಿಕಾರಿಯೂ ಎಡ್ಮಂಡ್. ಹಿಂದಿನ ಮತದಾರ, ಹಿಂದಿನ ಅಧಿಕಾರಿ ಇಬ್ಬರೂ ಆಗಷ್ಟೇ ಅಪಘಾತದಲ್ಲಿ ತೀರಿಕೊಂಡಿರುತ್ತಾರೆ. ಇದು ಪೂರ್ತಿ ಕಟ್ಟುಕತೆಯೂ ಅಲ್ಲ. ಬೆರಳೆಣಿಕೆಯ ಮತದಾರರಿದ್ದೂ ಸಂಸತ್ತಿಗೆ ಸದಸ್ಯರನ್ನು ಕಳಿಸುತ್ತಿದ್ದ ಕ್ಷೇತ್ರಗಳು 1832ರ ಸುಧಾರಣಾ ಕಾಯ್ದೆ ಬರುವವರೆಗೆ ಇಂಗ್ಲೆಂಡಿನಲ್ಲಿ ನಿಜವಾಗಿಯೂ ಇದ್ದವು.

ಪದಗಳ ಹುಚ್ಚು ಇರುವವರಿಗೆ ಅದೇ ಸರಣಿಯ ಎರಡನೇ ಕಂತು. ನಿಘಂಟುಕಾರ ಡಾ. ಜಾನ್ಸನ್ ತನ್ನ ಮಹಾನಿಘಂಟಿನ ಒಂದೇ ಒಂದು ಹಸ್ತಪ್ರತಿ ತಂದು ಯುವರಾಜನಿಗೆ ಒಪ್ಪಿಸುತ್ತಾನೆ. ಇಂಗ್ಲಿಷಿನ ಎಲ್ಲ ಪದಗಳೂ ಇದರಲ್ಲಿವೆ ಎಂದು ಅವನು ಬೀಗಿದ್ದಕ್ಕೆ, ಎಡ್ಮಂಡ್ ಅಲ್ಲೇ ನಿಂತು ಇಲ್ಲದ ಪದಗಳನ್ನು ಹುಟ್ಟಿಸಿ ಗಂಭೀರವಾಗಿ ಉದುರಿಸುತ್ತ ಹೋಗುತ್ತಾನೆ. ಜಾನ್ಸನ್ ಗಾಬರಿಯಾಗಿ ಬರೆದುಕೊಳ್ಳುತ್ತಾನೆ. ಆಮೇಲೆ ಬಾಲ್ಡ್ರಿಕ್ ಆ ಹಸ್ತಪ್ರತಿಯಿಂದ ಒಲೆ ಹೊತ್ತಿಸುತ್ತಾನೆ. ಜಾನ್ಸನ್‌ನ ನಿಘಂಟು ಅಚ್ಚಾದದ್ದು 1755ರಲ್ಲಿ, ಈ ಯುವರಾಜ ಹುಟ್ಟಿದ್ದೇ 1762ರಲ್ಲಿ. ಇಸವಿ ಹೊಂದುವುದಿಲ್ಲ ಎಂದು ಯಾರಿಗೂ ಚಿಂತೆಯಿಲ್ಲ, ನಿಮಗೂ ಬೇಡ. ಈ ಕಂತು ಮಾತ್ರ ಕೊಂಚ ಇಂಗ್ಲಿಷ್ ಓದಿಕೊಂಡವರಿಗೆ. ಆ ಹುಸಿ ಪದಗಳು ಹುಸಿ ಎಂದು ತಕ್ಷಣ ಹೊಳೆಯದಿದ್ದರೆ ಜಾನ್ಸನ್‌ನ ಪಕ್ಕದಲ್ಲಿ ನೀವೂ ಪೆನ್ಸಿಲ್ ಹಿಡಿದು ಕೂತಿರುತ್ತೀರಿ.

ಸಬ್‌ಟೈಟಲ್ ಬಗ್ಗೆ ಒಂದು ಮಾತು. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಲು ನಾಚಬೇಡಿ, ಎಡ್ಮಂಡ್‌ನ ವಾಕ್ಯಗಳು ಉದ್ದ, ಉಪಮೆಗಳು ವಿಚಿತ್ರ. ತೊಂದರೆ ಏನೆಂದರೆ ಅಕ್ಷರ ಬಾಯಿಗಿಂತ ಮೊದಲು ಬರುತ್ತದೆ. ಅಟ್ಕಿನ್ಸನ್ ಕೊನೆಯ ಪದಕ್ಕೆ ಮುನ್ನ ಅರ್ಧ ಸೆಕೆಂಡು ತಡೆಯುತ್ತಾರೆ. ಆ ತಡೆಯಲ್ಲೇ ನಗು ಇರುವುದು, ಸಬ್‌ಟೈಟಲ್ ಅದನ್ನು ಮೊದಲೇ ಬಿಟ್ಟುಕೊಟ್ಟುಬಿಡುತ್ತದೆ. ಹಾಗಾಗಿ ಮೊದಲ ಸಲ ಅಕ್ಷರ ಇಟ್ಟುಕೊಂಡು, ಇಷ್ಟವಾದ ಕಂತನ್ನು ಎರಡನೇ ಸಲ ಅಕ್ಷರ ತೆಗೆದು ನೋಡಿ. ಎರಡನೇ ಸಲವೇ ಹೆಚ್ಚು ನಗು ಬರುವುದು.

ಮಕ್ಕಳಿಗೆ ಇದು ಬೇಡ. ತಲೆ ಕಡಿಯುವುದು ಹೋಗಲಿ, ಹಾಸಿಗೆಯ ಮಾತು ಹೆಜ್ಜೆಹೆಜ್ಜೆಗೂ ಬರುತ್ತದೆ. ಹದಿನಾಲ್ಕು, ಹದಿನೈದು ದಾಟಿದವರ ಜೊತೆ ನೋಡಬಹುದು.

ನಡುವೆ ನಿಂತವು: ಜಾನಿ ಇಂಗ್ಲಿಷ್ ಮತ್ತು ಇತರ

ಮನೆಯಲ್ಲಿ ಮೂರು ತಲೆಮಾರು ಒಟ್ಟಿಗೆ ಕೂತಿದ್ದಾರೆ, ಒಂದೂವರೆ ಗಂಟೆ ಯಾರೂ ಏಳಬಾರದು ಎಂದರೆ ಜಾನಿ ಇಂಗ್ಲಿಷ್. ಮೂಲ ಒಂದು ಜಾಹೀರಾತು: 1990ರ ದಶಕದಲ್ಲಿ ಬಾರ್ಕ್ಲೇಕಾರ್ಡ್ ಎಂಬ ಕ್ರೆಡಿಟ್ ಕಾರ್ಡಿಗೆ ಅಟ್ಕಿನ್ಸನ್ ಮಾಡಿದ ಗೂಢಚಾರನ ಪಾತ್ರ. 2003, 2011, 2018ರಲ್ಲಿ ಮೂರು ಚಿತ್ರ. ಕತೆ ಬಾಂಡ್‌ನದು, ನಡೆಯುವವನು ಬೀನ್‌ನ ದಾಯಾದಿ, ಮಾತು ಬ್ಲ್ಯಾಕ್ಯಾಡರ್‌ನ ಗತ್ತಿನದು ಆದರೆ ಅವನ ತಲೆ ಇಲ್ಲದ್ದು. ಎರಡೂ ಕಡೆಯಿಂದ ಅರ್ಧರ್ಧ ತಂದದ್ದರಿಂದ ಎಲ್ಲಿಯೂ ಪೂರ್ತಿ ಏರುವುದಿಲ್ಲ. ಒಂದೇ ನೋಡುವುದಾದರೆ ಮೂರನೆಯದು ನೋಡಿ. ಅದರಲ್ಲಿ ಕಣ್ಣಿಗೆ ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಕೊಂಡ ಜಾನಿ, ತರಬೇತಿ ಕೋಣೆಯಲ್ಲಿದ್ದೇನೆ ಎಂದುಕೊಂಡು ನಿಜವಾದ ಲಂಡನ್ ಬೀದಿಗಿಳಿದು ಎದುರಿಗೆ ಬಂದವರನ್ನೆಲ್ಲ ಶತ್ರುಗಳೆಂದು ಬಡಿಯುತ್ತಾನೆ. ಲಾಫಿಂಗ್ ಮ್ಯಾಟರ್ಸ್ ಸಾಕ್ಷ್ಯಚಿತ್ರದ ಮೂರು ಸೂತ್ರದಲ್ಲಿ ಮೊದಲೆರಡು ಅಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ.

ನೆಟ್‌ಫ್ಲಿಕ್ಸ್‌ನ ಮ್ಯಾನ್ ವರ್ಸಸ್ ಬೀ ಒಂಬತ್ತು ಪುಟ್ಟ ಕಂತು, ಒಟ್ಟು ಒಂದು ಸಿನಿಮಾದಷ್ಟು ಹೊತ್ತು. ಶ್ರೀಮಂತರ ಮನೆ ಕಾಯಲು ಬಂದವನಿಗೂ ಒಂದು ಜೇನುನೊಣಕ್ಕೂ ಯುದ್ಧ. ಕೆಲಸ ಅಚ್ಚುಕಟ್ಟು. ಬೀನ್‌ನಷ್ಟು ನಿರ್ದಯ ಅಲ್ಲ. ಇವನಿಗೆ ಮಗಳಿದ್ದಾಳೆ, ಮಾಜಿ ಹೆಂಡತಿ ಇದ್ದಾಳೆ, ಅಯ್ಯೋ ಪಾಪ ಅನಿಸುತ್ತದೆ. ಅಯ್ಯೋ ಪಾಪ ಅನಿಸಿದ ಕಡೆ ನಗು ಸ್ವಲ್ಪ ಸೋರುತ್ತದೆ. ಒಂದೇ ಸಂಜೆ ಎಲ್ಲ ನೋಡದೆ, ಮೂರು ಮೂರರಂತೆ ನೋಡಿ.

ಥಿನ್ ಬ್ಲೂ ಲೈನ್ 14 ಕಂತಿನ ಪೊಲೀಸ್ ಠಾಣೆಯ ಹಾಸ್ಯ; ಬೇರೆಲ್ಲ ಮುಗಿದ ಮೇಲೆ ನೋಡಿದರಾಯಿತು. ನಾಟ್ ದಿ ನೈನ್ ಓಕ್ಲಾಕ್ ನ್ಯೂಸ್ (1979ರಿಂದ 1982) ಅವರನ್ನು ಟಿವಿಯಲ್ಲಿ ಗುರುತು ಹಿಡಿಯುವಂತೆ ಮಾಡಿದ ಕಾರ್ಯಕ್ರಮ, ಆದರೆ ಆ ಕಾಲದ ಬ್ರಿಟಿಷ್ ಸುದ್ದಿಯ ಮೇಲೆ ನಿಂತದ್ದು. ಅವತ್ತಿನ ಮಂತ್ರಿಗಳ ಹೆಸರು ಗೊತ್ತಿಲ್ಲದೆ ಅರ್ಧ ತುಣುಕು ತಲೆಯ ಮೇಲೆ ಹಾದುಹೋಗುತ್ತದೆ. ಗೊರಿಲ್ಲಾ ಒಂದು ಟಿವಿ ಸಂದರ್ಶನಕ್ಕೆ ಬಂದು ಪ್ರೊಫೆಸರನಿಗಿಂತ ಚೆನ್ನಾಗಿ ಮಾತಾಡುವ ತುಣುಕನ್ನು ಮಾತ್ರ ಹುಡುಕಿ ನೋಡಿ. ಗೊರಿಲ್ಲಾದೊಳಗೆ ಇರುವುದು ಅಟ್ಕಿನ್ಸನ್.

ಇನ್ನು 2016 ಮತ್ತು 2017ರಲ್ಲಿ ಬಂದ ಮೆಗ್ರೆ. ಪ್ಯಾರಿಸಿನ ಪತ್ತೇದಾರನ ನಾಲ್ಕು ಚಿತ್ರ, ಪ್ಯಾರಿಸ್ ಎಂದು ತೋರಿಸಿದ್ದು ಹಂಗರಿಯ ಬುಡಾಪೆಸ್ಟನ್ನು. ಒಂದು ನಗೆಯೂ ಇಲ್ಲ. ಇದನ್ನು ಕೊನೆಗೆ ಇಟ್ಟುಕೊಳ್ಳಿ. ಬೀನ್ ನೋಡಿದ ಮರುದಿನವೇ ಇದಕ್ಕೆ ಕೂತರೆ, ಮೆಗ್ರೆ ಪೈಪ್ ತೆಗೆದಾಗೆಲ್ಲ ಅದು ಮೂಗಿಗೆ ಸಿಕ್ಕಿಕೊಳ್ಳುತ್ತದೆ ಎಂದು ಕಾಯುತ್ತ ಕೂರುತ್ತೀರಿ.

ಐದು ನಿಮಿಷ ಇದ್ದರೆ

ಎಲ್ಲಕ್ಕೂ ಮೊದಲು ರುಚಿ ನೋಡಬೇಕು ಎಂದರೆ 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ತುಣುಕು ಸಾಕು. ಸೈಮನ್ ರಾಟಲ್ ಲಂಡನ್ ಸಿಂಫನಿ ಆರ್ಕೆಸ್ಟ್ರಾ ನಡೆಸುತ್ತಿದ್ದಾರೆ, ನುಡಿಸುತ್ತಿರುವುದು ಚಾರಿಯಟ್ಸ್ ಆಫ್ ಫೈರ್ ಚಿತ್ರದ ಸಂಗೀತ. ಇಷ್ಟು ದೊಡ್ಡ ಮೇಳದಲ್ಲಿ ಅಟ್ಕಿನ್ಸನ್ ಪಾಲಿಗೆ ಬಂದದ್ದು ಕೀಬೋರ್ಡಿನ ಒಂದು ಸ್ವರ. ಒಂದೇ ಬೆರಳು, ಒಂದೇ ಕೀಲಿ, ಟಕ್ ಟಕ್ ಟಕ್. ಬೇಸರ ಬಂದು ಗಡಿಯಾರ ನೋಡುತ್ತಾರೆ, ಸೀನು ಬರುತ್ತದೆ, ಕರವಸ್ತ್ರ ಕೈಗೆಟುಕುವುದಿಲ್ಲ. ಬೆರಳು ನಿಲ್ಲಿಸುವಂತಿಲ್ಲ. ಅದನ್ನು ನೋಡುತ್ತ ನಿಮ್ಮ ಮನೆಯವರು ಬೆರಳನ್ನು ನೋಡಿ ನಕ್ಕರೆ ಬೀನ್ ಕಡೆ ಕರೆದೊಯ್ಯಿರಿ, ಅಟ್ಕಿನ್ಸನ್ ಮುಖದ ಉದಾಸೀನ ನೋಡಿ ನಕ್ಕರೆ ಬ್ಲ್ಯಾಕ್ಯಾಡರ್ ಕಡೆಗೆ.

ನಾಲ್ಕನೇ ಸರಣಿಗೆ ಮಾತ್ರ ಬೇರೆ ನಿಯಮ

ಉಳಿದ ಸರಣಿಗಳಲ್ಲಿ ಬೇಕಾದ ಕಂತು ಆರಿಸಿಕೊಳ್ಳಬಹುದು. 1989ರ ಬ್ಲ್ಯಾಕ್ಯಾಡರ್ ಗೋಸ್ ಫೋರ್ತ್‌ನಲ್ಲಿ ಆ ಸ್ವಾತಂತ್ರ್ಯ ಇಲ್ಲ. ಆರನ್ನೂ ಕ್ರಮವಾಗಿ ನೋಡಬೇಕು. ಕಂದಕದಲ್ಲಿ ಕ್ಯಾಪ್ಟನ್ ಬ್ಲ್ಯಾಕ್ಯಾಡರ್, ಸಂಭ್ರಮದ ಹುಡುಗ ಜಾರ್ಜ್ (ಹ್ಯೂ ಲಾರಿ), ಬಾಲ್ಡ್ರಿಕ್. ಮೂವತ್ತೈದು ಮೈಲಿ ಹಿಂದಿನ ಬಂಗಲೆಯಲ್ಲಿ ಜನರಲ್ ಮೆಲ್ಚೆಟ್ (ಸ್ಟೀಫನ್ ಫ್ರೈ), ಅವನ ಸಹಾಯಕ ಕ್ಯಾಪ್ಟನ್ ಡಾರ್ಲಿಂಗ್. ಆ ಹೆಸರಿನಿಂದ ಕರೆದಾಗೆಲ್ಲ ಅವನ ಕೆನ್ನೆಯ ಸ್ನಾಯು ಹೊಡೆದುಕೊಳ್ಳುತ್ತದೆ. ಐದು ಕಂತು ಎಡ್ಮಂಡ್ ಒಂದೇ ಪ್ರಯತ್ನದಲ್ಲಿದ್ದಾನೆ: ಹೇಗಾದರೂ ಮುಂದಿನ ದಾಳಿಯಿಂದ ತಪ್ಪಿಸಿಕೊಳ್ಳುವುದು. ಆ ಐದನ್ನು ನೋಡದೆ ಆರನೆಯದಕ್ಕೆ ಹಾರಿದರೆ, ಉಪಾಯಗಳೆಲ್ಲ ಮುಗಿದವು ಎಂಬುದು ನಿಮಗೆ ತಟ್ಟುವುದಿಲ್ಲ.

ಕೊನೆಯ ದೃಶ್ಯ ಚಿತ್ರೀಕರಿಸಿದಾಗ ಚೆನ್ನಾಗಿ ಬಂದಿರಲಿಲ್ಲ. ಸೆಟ್ಟು ಸೆಟ್ಟಿನಂತೆಯೇ ಕಾಣುತ್ತಿತ್ತು, ಓಡಿದ್ದು ಕೆಲವೇ ಹೆಜ್ಜೆ, ಎರಡನೇ ಟೇಕ್ ತೆಗೆಯಲಿಲ್ಲ. ಸಂಕಲನದ ಕೋಣೆಯಲ್ಲಿ ಆ ಕೆಲವು ಸೆಕೆಂಡುಗಳನ್ನು ನಿಧಾನಗತಿಗೆ ಎಳೆದರು, ಶೀರ್ಷಿಕೆ ಸಂಗೀತವನ್ನು ಪಿಯಾನೊದಲ್ಲಿ ಇಳಿಸಿದರು, ಕಂದಕವನ್ನು ಕೆಂಪು ಗಸಗಸೆ ಹೂವಿನ ಬಯಲಿಗೆ ಕರಗಿಸಿದರು. ನಗು ಹಾಕಿಲ್ಲ, ನಟರ ಹೆಸರುಗಳೂ ಓಡುವುದಿಲ್ಲ. ಆಟೋಪ್ಲೇ ಚಾಲೂ ಇದ್ದರೆ ಹೂವು ಮಾಸುವ ಮೊದಲೇ ಮುಂದಿನ ಕಾರ್ಯಕ್ರಮ ಶುರುವಾಗಿಬಿಡುತ್ತದೆ. ಆರನೇ ಕಂತು ಹಾಕುವ ಮೊದಲು ಆಟೋಪ್ಲೇ ಆಫ್ ಮಾಡಿಡಿ.